ಕಣ್ಣಿಗೆ ಬಟ್ಟೆ ಕಟ್ಟಿ ಓದುವ ಮಗು, ಮತ್ತು ಮನೆಯಲ್ಲಿ ನಾವು ಕೇಳದ ಪ್ರಶ್ನೆಗಳು

ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಮಗುವೊಂದು ಪೇಪರ್ ಓದುವ ವಿಡಿಯೋ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತದೆ. ಮಗು ನೋಟಿನ ನಂಬರ್ ಓದುತ್ತದೆ, ಕಾರ್ಡಿನ ಬಣ್ಣ ಹೇಳುತ್ತದೆ. ಸುತ್ತ ನಿಂತ ದೊಡ್ಡವರು ಕೈ ಮುಗಿಯುವುದೊಂದು ಬಾಕಿ. ಇದಕ್ಕೆ ಇಟ್ಟಿರುವ ಹೆಸರು ಮಿಡ್‌ಬ್ರೈನ್ ಆಕ್ಟಿವೇಷನ್, ಅಂದರೆ ಮಿದುಳಿನ ನಡುಭಾಗವನ್ನು ಎಬ್ಬಿಸುವುದಂತೆ. ಕೆಲವೇ ದಿನದ ಕ್ಲಾಸು, ಸಾವಿರಾರು ರೂಪಾಯಿ ಫೀಸು.

ನನ್ನ ತಕರಾರು ಆ ಕ್ಲಾಸಿನವರ ಮೇಲಷ್ಟೇ ಅಲ್ಲ, ನಮ್ಮ ಮೇಲೂ ಇದೆ. ಇಲ್ಲದ ಶಕ್ತಿಗೆ ದುಡ್ಡು ಸುರಿಯುತ್ತೇವೆ. ಆದರೆ ನಿಜವಾಗಿಯೂ ಬೇರೆ ಥರ ನೋಡುವ, ಕೇಳುವ, ಮೂಸುವ ಜನ ನಮ್ಮ ಮನೆಯಲ್ಲೇ ಇದ್ದರೆ ಅವರನ್ನು ಒಂದು ಮಾತೂ ಕೇಳುವುದಿಲ್ಲ. ಅವರೇ ಬಾಯಿಬಿಟ್ಟರೂ 'ಸುಮ್ನಿರು ಮಾರಾಯ' ಅಂದುಬಿಡುತ್ತೇವೆ.

ಮೊದಲು ಆ ಪಟ್ಟಿಯ ವಿಷಯ ಮುಗಿಸೋಣ. ಒಂದು ದುಪ್ಪಟ್ಟಾ ಮಡಚಿ ನೀವೇ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು ನೋಡಿ. ಮೂಗಿನ ಎರಡೂ ಪಕ್ಕ ಸಣ್ಣ ಸಂದು ಉಳಿದೇ ಉಳಿಯುತ್ತದೆ. ಆ ಸಂದಿನಿಂದ ಕೆಳಗೆ ನೋಡಿದರೆ ಎದೆಯ ಹತ್ತಿರ ಹಿಡಿದ ಪೇಪರ್ ಚೆನ್ನಾಗಿಯೇ ಕಾಣುತ್ತದೆ. ಈಗ ವಿಡಿಯೋ ಮತ್ತೆ ಹಾಕಿ ನೋಡಿ, ಮಗು ತಲೆಯನ್ನು ತುಸು ಹಿಂದಕ್ಕೆ ಎತ್ತಿರುತ್ತದೆ, ಪುಸ್ತಕ ಯಾವಾಗಲೂ ಮೂಗಿನಿಂದ ಕೆಳಗೇ ಇರುತ್ತದೆ. ಅದೇ ಪುಸ್ತಕವನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ, ಇಲ್ಲವೇ ರೂಮಿನ ಲೈಟ್ ಆರಿಸಿ, ಕಥೆ ಮುಗೀತು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರಂಥವರು ಇದರ ಗುಟ್ಟನ್ನು ಜನರ ಮುಂದೆ ಬಿಚ್ಚಿಡುತ್ತಲೇ ಬಂದಿದ್ದಾರೆ. ಮಗುವನ್ನು ಮಾತ್ರ ಬೈಯಬೇಡಿ. ಅಷ್ಟು ದುಡ್ಡು ಕಟ್ಟಿದ ಅಪ್ಪ ಎದುರಿಗೇ ನಿಂತಿದ್ದರೆ ಅದು ಪಾಪ ಇನ್ನೇನು ಮಾಡೀತು?

ಇನ್ನು ಮಿದುಳಿನ ಆ ನಡುಭಾಗ. ಅದನ್ನು ಯಾರೂ ಆಕ್ಟಿವೇಟ್ ಮಾಡಬೇಕಾಗಿಲ್ಲ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚನ್ನು ಪಕ್ಕದಿಂದ ಕಣ್ಣಿನ ಕಡೆಗೆ ತನ್ನಿ. ಕಣ್ಣಿನ ಪಾಪೆ ತಟ್ಟನೆ ಕುಗ್ಗುತ್ತದೆ ಅಲ್ವಾ? ಅದನ್ನು ಕುಗ್ಗಿಸುವುದು ಇದೇ ನಡುಭಾಗ. ಪ್ರಜ್ಞೆ ತಪ್ಪಿದವರ ಕಣ್ಣಿಗೆ ಡಾಕ್ಟರು ಟಾರ್ಚ್ ಬಿಟ್ಟು ನೋಡುವುದೂ ಅದಕ್ಕೇ. ಫೀಸಿಲ್ಲದೆ ಹುಟ್ಟಿದಾಗಿನಿಂದ ದುಡಿಯುತ್ತಿದೆ ಅದು.

ಪಾಪೆಯ ಮಾತು ಬಂದಿದ್ದು ಒಳ್ಳೆಯದೇ ಆಯಿತು, ಏಕೆಂದರೆ ನಿಜವಾದ ವಿಚಿತ್ರವೊಂದು ಅಲ್ಲೇ ಸಿಕ್ಕಿಬಿದ್ದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಹೊಳೆಯುವ ಆಕಾರವನ್ನೂ ಮಬ್ಬು ಆಕಾರವನ್ನೂ ತೋರಿಸಿದರು. ಆಮೇಲೆ, ಏನೂ ತೋರಿಸದೆ, ಅದನ್ನೇ ಮನಸ್ಸಿನಲ್ಲಿ ತಂದುಕೊಳ್ಳಿ ಅಂದರು. ಹೊಳೆಯುವುದನ್ನು ಸುಮ್ನೆ ಊಹಿಸಿಕೊಂಡರೂ ಸಾಕು, ಎದುರಿಗೆ ಬೆಳಕೇ ಇರುವ ಹಾಗೆ ಜನರ ಪಾಪೆ ಕುಗ್ಗಿತು. ಆದರೆ ಕೆಲವರದು ಕುಗ್ಗಲಿಲ್ಲ. ಅವರಿಗೆ ಕಣ್ಣಿನ ದೋಷವಿರಲಿಲ್ಲ, ನಿಜವಾದ ಬೆಳಕಿಗೆ ಪಾಪೆ ಸರಿಯಾಗಿಯೇ ಕುಗ್ಗುತ್ತಿತ್ತು. ಪ್ರಯತ್ನ ಮಾಡದೆ ಕೂತಿದ್ದರು ಅನ್ನುವಂತೆಯೂ ಇಲ್ಲ. ಅವರ ಮನಸ್ಸಿನಲ್ಲಿ ಚಿತ್ರವೇ ಮೂಡುತ್ತಿರಲಿಲ್ಲ, ಅಷ್ಟೇ.

ನಾನು ಈ ಎರಡನೇ ಪಂಗಡದವನು ಅಂತ ಕಾಣುತ್ತದೆ. ಕಣ್ಣು ಮುಚ್ಚಿ ಮಾವಿನಹಣ್ಣು ನೆನೆಸಿಕೊಳ್ಳಿ ಅಂದರೆ ನನಗೆ ಮಾವಿನಹಣ್ಣಿನ ಬಗ್ಗೆ ಎಲ್ಲಾ ಗೊತ್ತು, ಆಕಾರ ಗೊತ್ತು, ತೊಟ್ಟಿನ ಹತ್ತಿರದ ಹಸಿರು ಗೊತ್ತು. ಕಾಣುವುದು ಮಾತ್ರ ಬರೀ ಕತ್ತಲೆ. ಇದಕ್ಕೆ ಅಫ್ಯಾಂಟೇಸಿಯಾ ಅಂತ 2015ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ನರವೈದ್ಯ ಆಡಮ್ ಝೆಮನ್. ಹೆಸರು ಹೊಸದು, ವಿಷಯ ಹಳೆಯದು. 1880ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಅನ್ನುವವರು ತಮ್ಮ ಪರಿಚಯದವರಿಗೆಲ್ಲ ಒಂದು ಪ್ರಶ್ನೆ ಕಳಿಸಿದ್ದರು. ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನಪಿಸಿಕೊಳ್ಳಿ, ಚಿತ್ರ ಸ್ಪಷ್ಟವಾಗಿದೆಯೋ ಮಸುಕಾಗಿದೆಯೋ, ಬಣ್ಣ ಇದೆಯೋ ಅಂತ. ಹಲವು ವಿಜ್ಞಾನಿಗಳು 'ಯಾವ ಚಿತ್ರ? ಅದೆಲ್ಲ ಮಾತಿಗೆ ಹೇಳುವುದು ಅಲ್ಲವೇ?' ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಬೇರೆಯವರಿಗೆ ನಿಜವಾಗಿ ಕಾಣುತ್ತದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಇದನ್ನು ಕೊರತೆ ಅನ್ನುವವರಿಗೆ ಒಂದು ಮಾತು: ಅನಿಮೇಷನ್ ಚಿತ್ರಗಳ ಪಿಕ್ಸಾರ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮಲ್ ಅವರಿಗೂ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲವಂತೆ. ಅವರೇ ಹೇಳಿಕೊಂಡಿದ್ದಾರೆ.

ಇದನ್ನೆಲ್ಲ ಓದಿದ ಮೇಲೆ ನಮ್ಮಕ್ಕನಿಗೆ ಫೋನ್ ಮಾಡಿದೆ. "ಅಜ್ಜನ ಮನೆ ಜಗುಲಿ ನೆನೆಸ್ಕೊಳ್ಳೇ ಅಕ್ಕಾ, ಏನು ಕಾಣ್ತದೆ?"

"ಕಾಣೋದೇನು, ಅಲ್ಲೇ ನಿಂತಿದೀನಿ. ಕಂಬದ ಹತ್ರ ಎಲೆ ಅಡಿಕೆ ತಟ್ಟೆ. ಸುಣ್ಣದ ಡಬ್ಬಿ ಮುಚ್ಚಳ ಒಂದು ಕಡೆ ನೆಗ್ಗಿದೆ."

ಆ ಮುಚ್ಚಳ ನೆಗ್ಗಿದ್ದು ನನಗೂ ಗೊತ್ತು, ನಾನೇ ಬೀಳಿಸಿದ್ದು. ಆದರೆ ನನಗೆ ಅದು ಒಂದು ಸುದ್ದಿ ಮಾತ್ರ. ಹಾಗಂತ ಹೇಳಿದೆ. ಅಕ್ಕ ನಂಬಲೇ ಇಲ್ಲ. "ಏನೂ ಕಾಣಲ್ವಾ? ಅಮ್ಮನ ಮುಖ? ವಾರಗಳ ಬಣ್ಣ?"

"ಯಾವ ಬಣ್ಣ?"

"ಅದೇ ಕಣೋ, ಗುರುವಾರ ಕಂದು. ಮಳೆ ಬಿದ್ದ ಮಣ್ಣಿನ ಕಂದು. ಎಲ್ಲರಿಗೂ ಹಾಗೇ ಅಲ್ವಾ?"

ಅಲ್ಲ ಅಕ್ಕಾ, ಎಲ್ಲರಿಗೂ ಹಾಗಲ್ಲ! ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಅವಳ ವಾರಕ್ಕೆ ಬಣ್ಣವಿದೆ ಅಂತ ನನಗೆ ಗೊತ್ತಿಲ್ಲ, ನನ್ನ ತಲೆಯೊಳಗೆ ಚಿತ್ರವಿಲ್ಲ ಅಂತ ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಎಲ್ಲರಿಗೂ ಇರುವುದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರಾ?

ವಾರ, ಅಕ್ಷರ, ಅಂಕಿ ಇವಕ್ಕೆಲ್ಲ ತಾನಾಗಿ ಬಣ್ಣ ಅಂಟಿಕೊಂಡು ಬರುವುದಕ್ಕೆ ಸಿನೆಸ್ತೀಸಿಯಾ ಅನ್ನುತ್ತಾರೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರಿಗೆ ಸಮೀಕರಣದ ಅಕ್ಷರಗಳು ಬಣ್ಣಬಣ್ಣವಾಗಿ ಕಾಣುತ್ತಿದ್ದವು. ಆದರೆ ನಮ್ಮಲ್ಲಿ ಇದನ್ನು ಕೇಳುವಾಗ ಸ್ವಲ್ಪ ಹುಷಾರಾಗಿರಬೇಕು. ಮಂಗಳವಾರ ಕೆಂಪು ಅಂದರೆ ಅದು ಮಂಗಳ ಗ್ರಹದ ಬಣ್ಣ, ಪಂಚಾಂಗದಿಂದ ಬಂದಿದ್ದು ಇರಬಹುದು. ಅಕ್ಕನ ಗುರುವಾರ ಹಾಗಲ್ಲ, ಗುರುವಿಗೆ ನಮ್ಮಲ್ಲಿ ಹಳದಿ. ಈ ಕಂದು ಅವಳ ಸ್ವಂತದ್ದು. ನಿಜವೋ ಸುಮ್ನೆ ಹೇಳುತ್ತಿದ್ದಾಳೋ ಅಂತ ನೋಡಲು ಸಂಶೋಧಕರು ಮಾಡುವ ಪರೀಕ್ಷೆಯೂ ಬಹಳ ಸರಳ. ಇವತ್ತು ಕೇಳಿ ಬರೆದಿಟ್ಟುಕೊಳ್ಳುವುದು, ಕೆಲವು ತಿಂಗಳು ಬಿಟ್ಟು ಮುನ್ಸೂಚನೆ ಕೊಡದೆ ಮತ್ತೆ ಕೇಳುವುದು. ಸುಮ್ನೆ ಹೇಳಿದವರು ಎಡವುತ್ತಾರೆ. ನಿಜವಾಗಿ ಇರುವವರು ಬಣ್ಣದ ಛಾಯೆ ಸಮೇತ ಅದನ್ನೇ ಹೇಳುತ್ತಾರೆ.

ಸಣ್ಣ ಪುಟ್ಟ ವಿಚಿತ್ರಗಳಂತೂ ಬೇಕಾದಷ್ಟಿವೆ. ಕಿವಿಯೊಳಗಿನ ಸ್ನಾಯು ಬಿಗಿದು ಬೇಕೆಂದಾಗ ಗುಡುಗುಡು ಸದ್ದು ಮಾಡಿಕೊಳ್ಳುವವರಿದ್ದಾರೆ. ಬಿಸಿಲಿಗೆ ಬಂದ ಕೂಡಲೇ ಸೀನುವವರು ಇನ್ನೂ ಜಾಸ್ತಿ, ಅದು ವಂಶದಲ್ಲಿ ಹರಿದು ಬರುವ ಗುಣ. 17ನೇ ಶತಮಾನದಲ್ಲೇ ಫ್ರಾನ್ಸಿಸ್ ಬೇಕನ್ ಕಣ್ಣು ಮುಚ್ಚಿಕೊಂಡು ಬಿಸಿಲಿಗೆ ಮುಖ ಒಡ್ಡಿದರೆ ಸೀನು ಬರುವುದಿಲ್ಲ ಅಂತ ಗಮನಿಸಿದ್ದರು. ನಮ್ಮಲ್ಲಿ ಇದರ ಗತಿ ನೋಡಿ. ಒಳಗಿನ ಕತ್ತಲೆಯಿಂದ ಹೊಸ್ತಿಲು ದಾಟಿ ಅಂಗಳದ ಬಿಸಿಲಿಗೆ ಕಾಲಿಡುತ್ತಲೇ ಒಂಟಿ ಸೀನು. ಅಪಶಕುನ! ಹೊರಟವರು ಒಳಗೆ ಬಂದು ಕೂತು ನೀರು ಕುಡಿಯಬೇಕು. ಎಷ್ಟು ಜನರ ಬಸ್ಸು ಇದರಿಂದ ತಪ್ಪಿದೆಯೋ.

ಇದು ನಗುವ ವಿಷಯವಾಯಿತು. ನಗು ಬರದ ಒಂದಿದೆ. ಮದುವೆ ಮನೆಯಲ್ಲಿ ಯಾರೋ ಮಾತಾಡಿಸದೆ ಹೋದರೆ 'ಏನು ಜಂಬ ನೋಡಿ' ಅನ್ನುತ್ತೇವೆ. ಮುಖ ನೋಡಿ ಗುರುತು ಹಿಡಿಯುವ ಶಕ್ತಿಯೇ ಹುಟ್ಟಿನಿಂದ ಇಲ್ಲದವರಿರುತ್ತಾರೆ. ದನಿ, ನಡಿಗೆ, ಕೂದಲಿನಿಂದ ಅವರು ಹೇಗೋ ನಿಭಾಯಿಸುತ್ತಿರುತ್ತಾರೆ. ಮದುವೆಗೆ ಎಲ್ಲರೂ ಅಲಂಕಾರ ಮಾಡಿಕೊಂಡು ಬಂದಿರುವಾಗ ಆ ಗುರುತುಗಳೂ ಕೈಕೊಡುತ್ತವೆ. ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೆ ಇದು ಎಷ್ಟು ಜೋರಾಗಿತ್ತೆಂದರೆ ಕನ್ನಡಿಯಲ್ಲಿ ತಮ್ಮ ಮುಖವೇ ಗೊಂದಲ ಹುಟ್ಟಿಸುತ್ತಿತ್ತು. ಪ್ರಪಂಚವೇ ಗೌರವಿಸುವ ಡಾಕ್ಟರು, ಜಂಬದ ಮನುಷ್ಯ ಅಲ್ಲ.

ಹೀಗೆ ತಮ್ಮ ಮೈಯ ವಿಚಿತ್ರವನ್ನು ಮುಚ್ಚಿಡದೆ ಬೆನ್ನು ಹತ್ತಿದವರಲ್ಲಿ ನನಗೆ ತುಂಬಾ ಇಷ್ಟವಾದವರು ಜಾನ್ ಡಾಲ್ಟನ್. ಶಾಲೆಯ ರಸಾಯನಶಾಸ್ತ್ರದಲ್ಲಿ ಪರಮಾಣು ಸಿದ್ಧಾಂತ ಅಂತ ಉರು ಹೊಡೆದಿದ್ದೇವಲ್ಲ, ಅದೇ ಡಾಲ್ಟನ್. ಹಗಲಲ್ಲಿ ಆಕಾಶದ ನೀಲಿಯಂತೆ ಕಂಡ ಒಂದು ಜೆರೇನಿಯಂ ಹೂವು ರಾತ್ರಿ ಮೇಣದಬತ್ತಿಯ ಬೆಳಕಲ್ಲಿ ಕೆಂಪಾಗಿ ಕಂಡಿತು. ಸ್ನೇಹಿತರನ್ನು ಕೇಳಿದರು, ಯಾರಿಗೂ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಡಾಲ್ಟನ್‌ಗೆ ಕಂಡಂತೆಯೇ ಕಂಡಿದ್ದು ಅವರ ಅಣ್ಣನಿಗೆ ಮಾತ್ರ. ಆಸಾಮಿ ಅದನ್ನು ಅಲ್ಲಿಗೇ ಬಿಡಲಿಲ್ಲ. 1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ತನ್ನದೇ ಬಣ್ಣಗುರುಡಿನ ಮೇಲೆ ಪ್ರಬಂಧ ಓದಿದರು. ತನ್ನ ಕಣ್ಣೊಳಗಿನ ದ್ರವ ನೀಲಿ ಇರಬೇಕು, ಅದು ಕೆಂಪನ್ನು ಹೀರಿಕೊಳ್ಳುತ್ತಿರಬೇಕು ಅನ್ನುವುದು ಅವರ ಊಹೆ. ಸತ್ತ ಮೇಲೆ ತೆರೆದು ನೋಡಿ ಅಂತ ಹೇಳಿಟ್ಟರು. 1844ರಲ್ಲಿ ತೀರಿಕೊಂಡಾಗ ಅವರ ಡಾಕ್ಟರು ಹಾಗೇ ಮಾಡಿದರು. ದ್ರವ ತಿಳಿಯಾಗಿತ್ತು, ಊಹೆ ತಪ್ಪಾಗಿತ್ತು. ಆದರೆ ಕಣ್ಣನ್ನು ಎಸೆಯಲಿಲ್ಲ, ಕಾಪಾಡಿ ಇಟ್ಟರು. ಸುಮಾರು 150 ವರ್ಷದ ಮೇಲೆ, 1995ರಲ್ಲಿ, ಆ ಒಣಗಿದ ಚೂರಿನಿಂದ ಡಿಎನ್‌ಎ ತೆಗೆದು ನೋಡಿದರೆ ಹಸಿರಿನ ಭಾಗದ ಬೆಳಕನ್ನು ಹಿಡಿಯುವ ಬಣ್ಣದ್ರವ್ಯದ ಜೀನೇ ಇರಲಿಲ್ಲ. ಸತ್ತ ಮೇಲೂ ಪರೀಕ್ಷೆಗೆ ಕೂತ ಮನುಷ್ಯ!

ನಮ್ಮಲ್ಲಿ ಎಲೆಗೆ ಕಂದು ಬಳಿದ ಹುಡುಗನಿಗೆ ಬೆನ್ನಿಗೆ ಗುದ್ದು ಬೀಳುತ್ತದೆ. ಡ್ರೈವಿಂಗ್ ಲೈಸೆನ್ಸಿಗೆ ಹೋದಾಗಲೋ ರೈಲ್ವೆ ಕೆಲಸದ ಮೆಡಿಕಲ್‌ನಲ್ಲೋ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕ ಎದುರಿಗಿಟ್ಟಾಗಲೇ ಅವನಿಗೆ ಮೊದಲ ಸಲ ವಿಷಯ ಗೊತ್ತಾಗುವುದು. ಕಡಿಮೆ ಮತ್ತು ಮಧ್ಯಮ ಮಟ್ಟದ ಬಣ್ಣಗುರುಡಿದ್ದವರಿಗೂ ಲೈಸೆನ್ಸ್ ಕೊಡಬಹುದು ಅಂತ ಕೇಂದ್ರ ಸರ್ಕಾರ ನಿಯಮ ಬದಲಿಸಿದ್ದು 2020ರಲ್ಲಿ. ಶಾಲೆಯಲ್ಲೇ ಆ ಪುಸ್ತಕ ಒಮ್ಮೆ ತೋರಿಸಿದರೆ ಏನು ಖರ್ಚು?

ಈಗ ನೀವು ಶಕುಂತಲಾ ದೇವಿಯವರ ಹೆಸರು ತರುತ್ತೀರಿ, ಗೊತ್ತು. ನಮ್ಮ ಬೆಂಗಳೂರಿನವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದವರು. ಅವರನ್ನು ವೇದಿಕೆ ಮೇಲೆ ಕೂರಿಸಿ ಚಪ್ಪಾಳೆ ತಟ್ಟಿದೆವು, ಸರಸ್ವತಿ ಅಂದೆವು. ಇದು ಹೇಗೆ ಅಂತ ಸಾವಧಾನವಾಗಿ ಕೂತು ನೋಡಿದ್ದು ಅಮೆರಿಕದ ಮನೋವಿಜ್ಞಾನಿ ಆರ್ಥರ್ ಜೆನ್ಸನ್, 1988ರಲ್ಲಿ. 61,629,875ರ ಘನಮೂಲ ಕೇಳಿದರೆ, ಜೆನ್ಸನ್ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಇಳಿಸುವ ಮೊದಲೇ ಉತ್ತರ ಬಂದಿತ್ತು: 395. ಅದಕ್ಕಿಂತ ಕುತೂಹಲದ ಸಂಗತಿ ಎಂದರೆ, ದೀಪ ಹತ್ತಿದಾಗ ಗುಂಡಿ ಒತ್ತುವಂಥ ಸಾದಾ ಚುರುಕಿನ ಪರೀಕ್ಷೆಗಳಲ್ಲಿ ಶಕುಂತಲಾ ದೇವಿ ಸಾಮಾನ್ಯರಿಗಿಂತ ಮುಂದೇನೂ ಇರಲಿಲ್ಲ. ಅಂದರೆ ಮಿದುಳು ಇಡಿಯಾಗಿ ಮಿಂಚಿನ ವೇಗದ್ದಲ್ಲ, ಸಂಖ್ಯೆಗಳ ಜೊತೆಗಿನ ಒಡನಾಟವೇ ಬೇರೆ. ಇದರಿಂದ ಅವರ ಮೇಲಿನ ನನ್ನ ಗೌರವ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕೊನೆಗೆ ಜಾಯ್ ಮಿಲ್ನ್. ಸ್ಕಾಟ್ಲೆಂಡಿನವರು, ನರ್ಸ್ ಆಗಿದ್ದವರು. ಗಂಡನ ಮೈವಾಸನೆ ಬದಲಾಗಿದೆ ಅಂತ ಅವರ ಮೂಗಿಗೆ ಗೊತ್ತಾಯಿತು. ಸ್ನಾನ ಮಾಡಿ ಬನ್ನಿ ಅಂತ ಗಂಡನ ಜೊತೆ ಕಿರಿಕಿರಿ. ಅದಾಗಿ ಹತ್ತಕ್ಕೂ ಹೆಚ್ಚು ವರ್ಷದ ಮೇಲೆ ಗಂಡನಿಗೆ ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆ ಅಂತ ತಿಳಿಯಿತು. ಆಮೇಲೊಮ್ಮೆ ಅದೇ ಕಾಯಿಲೆಯವರ ಸಭೆಗೆ ಹೋದರೆ ಹಾಲ್ ತುಂಬಾ ಅದೇ ವಾಸನೆ! ಇದನ್ನು ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರ ಮುಂದೆ ಹೇಳಿದಾಗ ಅವರಿಗೂ ಮೊದಲು ನಂಬಿಕೆ ಬರಲಿಲ್ಲ. ಆದರೂ ಪರೀಕ್ಷೆಗೆ ಕರೆದರು. ಕಾಯಿಲೆಯಿದ್ದ 6 ಜನ, ಇಲ್ಲದ 6 ಜನ ತೊಟ್ಟಿದ್ದ ಟೀ ಶರ್ಟುಗಳು, ಯಾವುದು ಯಾರದ್ದು ಅಂತ ಹೇಳದೆ. ಕಾಯಿಲೆಯ ಆರನ್ನೂ ಸರಿಯಾಗಿ ಹೇಳಿದರು. ಆರೋಗ್ಯವಂತರ ಪೈಕಿ ಒಂದು ಅಂಗಿಗೂ ವಾಸನೆ ಇದೆ ಅಂದರು. ಒಂದು ತಪ್ಪು ಅಂತ ಬರೆದುಕೊಂಡರು. ಆ ಅಂಗಿಯವರಿಗೆ ಕಾಯಿಲೆ ಇದೆ ಅಂತ ಗೊತ್ತಾಗಿದ್ದು 8 ತಿಂಗಳ ನಂತರ. ಈಗ ಚರ್ಮದ ಜಿಡ್ಡಿನಲ್ಲಿ ಆ ವಾಸನೆ ಯಾವ ರಾಸಾಯನಿಕಗಳದ್ದು ಅಂತ ಹುಡುಕಿ, ಅದರಿಂದ ಕಾಯಿಲೆ ಪತ್ತೆಹಚ್ಚುವ ಪರೀಕ್ಷೆ ತಯಾರಿಸುವ ಕೆಲಸ ನಡೆಯುತ್ತಿದೆ.

ಇದೇ ಹೆಂಗಸು ನಮ್ಮೂರಿನವರಾಗಿದ್ದರೆ? 'ಗಂಡನ ಮೇಲೆ ಇಲ್ಲದ ತಗಾದೆ' ಅಂತ ಅತ್ತೆ ಮನೆಯಲ್ಲಿ ಬೈಗುಳ, ಇಲ್ಲವಾದರೆ ಮಂಗಳವಾರ ಶುಕ್ರವಾರ ಮನೆ ಮುಂದೆ ಭಕ್ತರ ಕ್ಯೂ. ಹನ್ನೆರಡು ಟೀ ಶರ್ಟು ತಂದಿಡುವವರು ಯಾರೂ ಇರುತ್ತಿರಲಿಲ್ಲ.

ಸರಿ, ನಿಮ್ಮ ಸರದಿ. ಗುರುವಾರಕ್ಕೆ ಬಣ್ಣ ಇದೆಯಾ, ಇದ್ದರೆ ಯಾವುದು? ವರ್ಷದ ಹನ್ನೆರಡು ತಿಂಗಳು ನಿಮಗೆ ಸಾಲಾಗಿ ಕಾಣುತ್ತವಾ, ಸುತ್ತಿಕೊಂಡಿರುತ್ತವಾ, ಏನೂ ಇಲ್ವಾ? ಕೆಳಗೆ ಬರೆಯಿರಿ. 'ನನಗೆ ಏನೂ ಕಾಣಲ್ಲ' ಅನ್ನುವುದೂ ಉತ್ತರವೇ. ಕೆಲವು ತಿಂಗಳು ಬಿಟ್ಟು ಹೇಳದೇ ಕೇಳದೇ ಇದೇ ಪ್ರಶ್ನೆ ಮತ್ತೆ ಹಾಕುತ್ತೇನೆ. ಹಳೇ ಕಾಮೆಂಟ್ ನೋಡಿಕೊಂಡು ಬರೆಯುವ ಹಾಗಿಲ್ಲ, ಆಯ್ತಾ?