ಎಪ್ಪತ್ತರಲ್ಲಿ ಸಿಕ್ಕಿಬೀಳುವ ಹುಟ್ಟು ಹೃದಯದೋಷ

[ತೆರೆಯಲ್ಲಿ: ಕ್ಯಾತ್ ಲ್ಯಾಬ್, ಕಪ್ಪು-ಬಿಳುಪು ಆಂಜಿಯೋಗ್ರಾಂ]

ನಮಸ್ಕಾರ. ಎಪ್ಪತ್ತು ದಾಟಿದ ಒಬ್ಬರಿಗೆ ಎದೆನೋವು, ಆಂಜಿಯೋಗ್ರಾಂ ನಡೀತಿದೆ ಅಂದುಕೊಳ್ಳಿ. ಮಣಿಕಟ್ಟಿನಿಂದ ತೂರಿಸಿದ ತೆಳು ಟ್ಯೂಬ್ ಹೃದಯದ ಹತ್ತಿರ ಬಂದಿದೆ. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳಲ್ಲಿ ಎಡಗಡೆಯದಕ್ಕೆ ಡೈ ಬಿಟ್ಟರೆ ಮುಂದಿನ ನಾಳ ಚೆನ್ನಾಗಿ ಕಾಣುತ್ತದೆ. ಆದರೆ ಅಲ್ಲಿಂದಲೇ ಹೊರಟು ಹೃದಯದ ಹಿಂಭಾಗಕ್ಕೆ ಸುತ್ತಬೇಕಾದ ಸರ್ಕಮ್‌ಫ್ಲೆಕ್ಸ್ ಅನ್ನೋ ಕವಲೇ ಇಲ್ಲ! ಪೂರ್ತಿ ಬ್ಲಾಕ್ ಆಗಿದೆಯಾ? ಟ್ಯೂಬನ್ನು ಬಲಗಡೆಗೆ ತಿರುಗಿಸಿ ಮತ್ತೆ ಡೈ ಬಿಡುತ್ತಾರೆ. ಆ ಕವಲು ಬಲಗಡೆಯಿಂದ ಹೊರಟಿದೆ, ಹುಟ್ಟಿದಾಗಿನಿಂದಲೂ.

ಆಂಜಿಯೋಗ್ರಾಂ ಮಾಡಿಸಿದ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಇಂಥದ್ದೇನಾದರೂ ಸಿಗುತ್ತದೆ. ಗಾಬರಿ ಬೇಡ. ನಾಳ ಯಾವ ದಾರಿ ಹಿಡಿದಿದೆ ಅಂತ ಕೇಳಿ. ಮಹಾಪಧಮನಿಯ ಹಿಂದಿನಿಂದ ಸುತ್ತಿ ಬಂದಿದ್ದರೆ ಸಾಮಾನ್ಯವಾಗಿ ಅದರ ಪಾಡಿಗೆ ಬಿಡುತ್ತಾರೆ. ಎದೆನೋವಿಗೆ ಕಾರಣ ಬಹುಪಾಲು ಮಾಮೂಲಿ ಕೊಬ್ಬಿನ ಬ್ಲಾಕೇ. ಆದರೂ ರಿಪೋರ್ಟ್ ಜೋಪಾನ. ಮುಂದೆ ಕವಾಟದ ಆಪರೇಷನ್ ಬಂದರೆ ಆ ನಾಳಕ್ಕೆ ಪೆಟ್ಟಾಗಬಹುದು, ಸರ್ಜನ್‌ಗೆ ಮೊದಲೇ ಗೊತ್ತಿರಬೇಕು.

ಎಡಗಡೆಯ ಮುಖ್ಯ ನಾಳವೇ ಮಹಾಪಧಮನಿ ಮತ್ತು ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳ, ಈ ಎರಡರ ನಡುವೆ ನುಸುಳಿದ್ದರೆ ಕಥೆ ಬೇರೆ. ಅದು ಜಾಸ್ತಿ ಕಾಡೋದು ಹರೆಯದವರನ್ನು, ಜೋರಾಗಿ ಓಡುವಾಗ, ಆಡುವಾಗ. ಅಮೆರಿಕದ ಬಾಸ್ಕೆಟ್‌ಬಾಲ್ ತಾರೆ ಪೀಟ್ ಮರಾವಿಚ್‌ಗಂತೂ ಎಡ ಕೊರೊನರಿ ನಾಳವೇ ಇರಲಿಲ್ಲ. ಹತ್ತು ಸೀಸನ್ ಎನ್‌ಬಿಎ ಆಡಿದವರು! 1988ರಲ್ಲಿ, 40ನೇ ವಯಸ್ಸಿಗೆ, ಆಟದ ಅಂಗಳದಲ್ಲೇ ಕುಸಿದು ತೀರಿಕೊಂಡರು. ವಿಷಯ ಗೊತ್ತಾಗಿದ್ದು ಮರಣೋತ್ತರ ಪರೀಕ್ಷೆಯಲ್ಲಿ.

[ತೆರೆಯಲ್ಲಿ: ಹೃದಯದ ನಾಲ್ಕು ಕೋಣೆಗಳು, ಮೇಲಿನ ಗೋಡೆಯಲ್ಲಿ ತೂತು]

ಇನ್ನು ಹೃದಯದಲ್ಲಿ ತೂತು. ಅದು ಮಕ್ಕಳ ಕಾಯಿಲೆ ಅಲ್ವಾ ಅಂತೀರಿ. ಮೇಲಿನ ಎರಡು ಕೋಣೆಗಳ ನಡುವಿನ ತೂತು ಐವತ್ತು ಅರವತ್ತು ವರ್ಷ ಸದ್ದಿಲ್ಲದೆ ಇದ್ದುಬಿಡಬಹುದು. ಆಮೇಲೆ ಬಿಪಿ ಏರುತ್ತದೆ, ಎಡಗಡೆಯ ಕೆಳಕೋಣೆ ಬಿಗಿಯಾಗುತ್ತದೆ. ಕೆಳಗಿಳಿಯಲು ಕಷ್ಟವಾದ ರಕ್ತ ತೂತಿನಿಂದ ಬಲಕ್ಕೆ ಜಾಸ್ತಿ ನುಗ್ಗುತ್ತದೆ. ಬಲಗಡೆ ಹಿಗ್ಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ತಾಳ ತಪ್ಪಿದ ಎದೆಬಡಿತ, ಕಾಲಿನ ಊತ. ಮನೆಯವರು "ವಯಸ್ಸಾಯ್ತಲ್ಲಮ್ಮ" ಅಂದು ಸುಮ್ಮನಾಗುತ್ತಾರೆ. ನನ್ನ ಪ್ರಕಾರ ತಡವಾಗೋದು ಇಲ್ಲೇ.

ಒಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ಬಲಗಡೆ ಹಿಗ್ಗಿರೋದು ಕಾಣುತ್ತದೆ, ಅಲ್ಲಿಂದ ಹುಡುಕಾಟ ಶುರು. ಎಷ್ಟೋ ತೂತುಗಳನ್ನು ಎದೆ ಕೊಯ್ಯದೆ, ತೊಡೆಸಂದಿನ ರಕ್ತನಾಳದಿಂದ ಡಿವೈಸ್ ಕಳಿಸಿ ಮುಚ್ಚುತ್ತಾರೆ. ಅರವತ್ತು ದಾಟಿದವರಿಗೂ ಉಸಿರಾಟ ಹಗುರಾಗುತ್ತದೆ. ಆದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿಬಿಟ್ಟಿದ್ದರೆ ಮುಚ್ಚುವಂತಿಲ್ಲ. ಅದಕ್ಕೇ ಡಾಕ್ಟರು ಮೊದಲು ಆ ಒತ್ತಡ ಅಳೆಯುತ್ತಾರೆ.