ವಾಕಿಂಗ್‌ನಲ್ಲಿ ಎದುರು ನಾಯಿ ಬಂದಾಗ: ಬಾರ್ಡರ್ ಕೋಲಿ, ಜರ್ಮನ್ ಶೆಫರ್ಡ್ ಸಾಕಿದವರಿಗೆ

[ದೃಶ್ಯ: ದಾವಣಗೆರೆಯ ಕುಂದವಾಡ ಕೆರೆ ಏರಿ, ಬೆಳಗಿನ ಆರೂವರೆ. ಕಪ್ಪು ಬಿಳುಪಿನ ಬಾರ್ಡರ್ ಕೋಲಿ ‘ಸಿರಿ’. ಕ್ಯಾಮೆರಾ ಅದರ ಮುಖದ ಮಟ್ಟಕ್ಕೆ ಇಳಿದಿದೆ. ದೂರದಲ್ಲಿ ಒಂದು ಲ್ಯಾಬ್ರಡಾರ್ ಬರುತ್ತಿದೆ.]

ನಮಸ್ಕಾರ. ಸಿರಿಯ ಮುಖವನ್ನು ಸರಿಯಾಗಿ ನೋಡಿ. ತಲೆ ಭುಜಕ್ಕಿಂತ ಕೆಳಗೆ ಇಳಿದಿದೆ. ಬಾಯಿ ಮುಚ್ಚಿದೆ, ಅರ್ಧ ನಿಮಿಷದ ಹಿಂದೆ ನಾಲಿಗೆ ಹೊರಗಿತ್ತು. ಮುಂಗಾಲೊಂದು ನೆಲದಿಂದ ಎರಡು ಅಂಗುಲ ಮೇಲೆದ್ದು ಅಲ್ಲಿಯೇ ನಿಂತಿದೆ. ಬಾಲ ಅಲ್ಲಾಡುತ್ತಿಲ್ಲ, ಕಣ್ಣು ಮಿಟುಕುತ್ತಿಲ್ಲ. ಬೊಗಳಿಲ್ಲ, ಎಗರಿಲ್ಲ, ಹಗ್ಗ ಎಳೆದಿಲ್ಲ. ದಾರಿಯಲ್ಲಿ ಹೋಗುವವರು ‘ಎಷ್ಟು ಶಾಂತ ನಾಯಿ’ ಎಂದು ಮೆಚ್ಚುತ್ತಾರೆ. ಎದುರಿನಿಂದ ಬರುತ್ತಿರುವ ಲ್ಯಾಬ್ರಡಾರ್‌ಗೆ ಮಾತ್ರ ಹಾಗೆ ಅನಿಸುವುದಿಲ್ಲ. ಇನ್ನು ಹತ್ತು ಹೆಜ್ಜೆ ಹತ್ತಿರ ಬಂದರೆ ಅದು ಗುರ್ ಎನ್ನುತ್ತದೆ. ಆಗ ಎಲ್ಲರೂ ಬೈಯುವುದು ಲ್ಯಾಬ್ರಡಾರನ್ನೇ.

ಜಗಳ ಶುರುಮಾಡಿದ್ದು ಸಿರಿ. ಶುರುಮಾಡಿದ್ದೇನೆ ಎಂಬುದು ಅದಕ್ಕೂ ತಿಳಿದಿಲ್ಲ.

[ದೃಶ್ಯ: ನಿರೂಪಕರು ಏರಿಯ ಕಟ್ಟೆಯ ಮೇಲೆ ಕುಳಿತಿದ್ದಾರೆ.]

ಬಾರ್ಡರ್ ಕೋಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿ ಪ್ರದೇಶದ ಕುರಿನಾಯಿ. 1893ರಲ್ಲಿ ನಾರ್ಥಂಬರ್ಲೆಂಡ್‌ನಲ್ಲಿ ಆಡಂ ಟೆಲ್ಫರ್ ಎಂಬುವರ ಬಳಿ ಓಲ್ಡ್ ಹೆಂಪ್ ಎಂಬ ನಾಯಿ ಹುಟ್ಟಿತು. ಅದು ಗಲಾಟೆ ಮಾಡದೆ, ಬರೀ ನೋಟದ ಬಲದಿಂದ ಕುರಿಗಳನ್ನು ಸರಿಸುತ್ತಿತ್ತು. ಇಂದಿನ ಬಹುತೇಕ ಬಾರ್ಡರ್ ಕೋಲಿಗಳ ವಂಶಾವಳಿ ಅದರಲ್ಲಿಗೇ ಹೋಗಿ ಸೇರುತ್ತದೆ. ಬೇಟೆಯಾಡುವ ಪ್ರಾಣಿ ಮೊದಲು ದಿಟ್ಟಿಸುತ್ತದೆ, ಹೊಂಚುತ್ತ ಸಮೀಪಿಸುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ತಲೆಮಾರುಗಳ ಆಯ್ಕೆಯಲ್ಲಿ ಕೊನೆಯ ಎರಡನ್ನು ಕುಗ್ಗಿಸಿ ಮೊದಲಿನ ಮೂರನ್ನು ಹಿಗ್ಗಿಸಿದ್ದರ ಫಲ ಈ ತಳಿ. ಕುರಿಯ ಮುಂದೆ ಅದು ಕಸುಬು. ಇನ್ನೊಂದು ನಾಯಿಯ ಮುಂದೆ ಅದೇ ನೋಟ ಬೆದರಿಕೆ.

ಚಳ್ಳಕೆರೆ, ಹಿರಿಯೂರು ಕಡೆಯ ಕುರಿಗಾಹಿಗಳ ಜೊತೆಯಲ್ಲೂ ನಾಯಿ ಇರುತ್ತದಲ್ಲ, ಅವು ಹೀಗೆ ಮಾಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಅವುಗಳ ಕೆಲಸವೇ ಬೇರೆ. ಅಲ್ಲಿ ಮಂದೆಯನ್ನು ತಿರುಗಿಸುವುದು ಕುರಿಗಾಹಿಯ ಕೂಗು ಮತ್ತು ಕೋಲು. ನಾಯಿ ಇರುವುದು ರೊಪ್ಪದ ಬಳಿ ತೋಳ, ಕಳ್ಳರ ಮೇಲೆ ಕಣ್ಣಿಡಲು. ಕುರಿ ಕಾಯುವ ನಾಯಿ ಮತ್ತು ಕುರಿ ಅಟ್ಟುವ ನಾಯಿ ಎರಡನ್ನೂ ಒಂದೇ ಎಂದು ತಿಳಿದು ತಳಿ ಆರಿಸಿಕೊಂಡವರು ನಮ್ಮ ಊರಿನಲ್ಲೇ ಬೇಕಾದಷ್ಟು ಜನ ಇದ್ದಾರೆ.

ಜರ್ಮನ್ ಶೆಫರ್ಡ್‌ನದು ಮತ್ತೊಂದು ಬಗೆ. 1899ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬುವರು ಸಂಘ ಕಟ್ಟಿ ಆ ತಳಿಗೆ ಒಂದು ರೂಪ ಕೊಟ್ಟರು. ಅದರ ಮೂಲ ಕೆಲಸ ಬೇಲಿಯಿಲ್ಲದ ಹೊಲಗಳ ನಡುವೆ ಕುರಿಗಳು ಪೈರಿಗೆ ಬಾಯಿ ಹಾಕದಂತೆ ಗಡಿಯುದ್ದಕ್ಕೂ ಓಡಾಡುವುದು. ಆದ್ದರಿಂದ ನಿಮ್ಮ ಬೀದಿಯ ಎರಡು ತುದಿಗಳ ನಡುವಿನ ಜಾಗವೆಲ್ಲ ತನ್ನ ಉಸ್ತುವಾರಿ ಎಂದು ಅದು ಭಾವಿಸಿದರೆ ಅಚ್ಚರಿಯಿಲ್ಲ. ಕಾರ್ಗಿಯಂಥ ಗಿಡ್ಡ ಕಾಲಿನ ತಳಿಗಳು ದನದ ಹಿಮ್ಮಡಿಗೆ ಬಾಯಿ ಹಾಕಿ ಅಟ್ಟುತ್ತಿದ್ದವು. ಓಡುವ ಮಕ್ಕಳ ಕಾಲಿಗೂ ಅದೇ ಬಾಯಿ. ತಳಿ ಯಾವುದೇ ಇರಲಿ, ಬೈದರೆ ಇದು ಹೋಗುವುದಿಲ್ಲ.

[ದೃಶ್ಯ: ಹಗ್ಗವಿಲ್ಲದ ಎರಡು ಬೀದಿ ನಾಯಿಗಳು ಭೇಟಿಯಾಗುವುದನ್ನು ನಿಧಾನಗತಿಯಲ್ಲಿ ತೋರಿಸುವುದು.]

ಶಿಷ್ಟಾಚಾರ ಕಲಿಯಬೇಕೆಂದರೆ ಬೀದಿ ನಾಯಿಗಳನ್ನೇ ನೋಡಿ. ನಾನು ತಮಾಷೆ ಮಾಡುತ್ತಿಲ್ಲ. ಕಂದು ನಾಯಿ ನೇರವಾಗಿ ಬರುತ್ತಿಲ್ಲ, ಬಿಲ್ಲಿನಂತೆ ಬಾಗಿ ಬರುತ್ತಿದೆ. ನಡುವೆ ನಿಂತು ನೆಲ ಮೂಸಿತು. ಅಲ್ಲಿ ಮೂಸುವಂಥದ್ದೇನೂ ಇಲ್ಲ. ‘ನನಗೆ ಅವಸರವಿಲ್ಲ’ ಎಂದು ಹೇಳುವ ಬಗೆ ಅದು. ಮುಖ ಪಕ್ಕಕ್ಕೆ ತಿರುಗಿಸಿತು. ಈಗ ಮೂತಿಗೆ ಮೂತಿ ಕೊಡದೆ ಪಕ್ಕದಿಂದ ಬಂದು ಹಿಂಭಾಗ ಮೂಸಿತು. ಎರಡು ಮೂರು ಸೆಕೆಂಡು, ಅಷ್ಟೇ. ಎರಡೂ ಮೈಕೊಡವಿ ತಂತಮ್ಮ ದಾರಿ ಹಿಡಿದವು.

ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ಕಣ್ಣು ಕೀಳದೆ ನಿಮ್ಮನ್ನೇ ನೋಡುತ್ತ, ನೇರವಾಗಿ ನಿಮ್ಮತ್ತ ನಡೆದು ಬಂದರೆ ನೀವು ಏನು ಮಾಡುತ್ತೀರಿ? ನಾವು ಹಗ್ಗ ಬಿಗಿಹಿಡಿದು ನಾಯಿಯನ್ನು ಎದುರಿನ ನಾಯಿಯ ಮುಖಕ್ಕೆ ಕರೆದೊಯ್ಯುವುದು ಹಾಗೆಯೇ. ಅದರ ಮೇಲೆ ಹಗ್ಗ ಬಿಗಿಯಾದಾಗ ನಾಯಿಯ ಎದೆ ಮೇಲೆದ್ದು, ಕತ್ತು ನೆಟ್ಟಗಾಗಿ, ಕಾಲು ಕೆದರಿ ನಿಂತಂತೆ ಕಾಣುತ್ತದೆ. ಎದುರಿನ ನಾಯಿ ಅದನ್ನು ಸವಾಲು ಎಂದೇ ಓದುತ್ತದೆ.

[ದೃಶ್ಯ: ಹೈಸ್ಕೂಲ್ ಮೈದಾನ. ನಿರೂಪಕರ ಸೊಂಟದಲ್ಲಿ ಚಿಕ್ಕ ಚೀಲ.]

ಈಗ ಕಲಿಸುವ ಕೆಲಸ. ಇದನ್ನು ಎಂ.ಸಿ.ಸಿ. ಬಿ ಬ್ಲಾಕ್‌ನ ಕಿರಿದಾದ ಅಡ್ಡರಸ್ತೆಯಲ್ಲಿ ಶುರುಮಾಡಬೇಡಿ. ಬಾಗಿ ನಡೆಯಲು ಜಾಗ ಬೇಕು, ಮೈದಾನವೇ ಆಗಬೇಕು. ಚೀಲದಲ್ಲಿ ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು ಚಿಕ್ಕ ತುಂಡುಗಳು. ಸಸ್ಯಾಹಾರಿಗಳ ಮನೆಯಲ್ಲಿ ಪನೀರ್ ಆದೀತು. ಬಿಸ್ಕತ್ತಿಗೆ ಮೈದಾನದಲ್ಲಿ ಬೆಲೆಯಿಲ್ಲ.

ಮೊದಲು ದೂರ. ನಿಮ್ಮ ನಾಯಿ ಇನ್ನೊಂದು ನಾಯಿಯನ್ನು ಕಂಡೂ ನಿಮ್ಮ ಕೈಯಿಂದ ತುಂಡು ತಿನ್ನುವಷ್ಟು ದೂರ. ಕೆಲವಕ್ಕೆ ಇದು ಇಪ್ಪತ್ತು ಮೀಟರ್, ಕೆಲವಕ್ಕೆ ಇಡೀ ಮೈದಾನ. ಕೋಳಿ ತುಂಡು ಬಾಯಿಗೆ ಹೋಗಿ ಕೆಳಗೆ ಬಿದ್ದರೆ ನೀವು ತೀರ ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ಹಿಂದೆ ಸರಿಯಿರಿ.

ನಾಯಿ ಎದುರಿನ ನಾಯಿಯತ್ತ ನೋಡಿದ ಕ್ಷಣವೇ ‘ಸರಿ’ ಎನ್ನಿ. ತುಂಡನ್ನು ನಿಮ್ಮ ಮೊಣಕಾಲಿನ ಪಕ್ಕದಲ್ಲಿ ಕೊಡಿ. ತಿನ್ನಬೇಕೆಂದರೆ ಅದು ತಲೆ ತಿರುಗಿಸಲೇಬೇಕು. ಮತ್ತೆ ನೋಡಿತು, ‘ಸರಿ’, ತುಂಡು. ನೋಡಬಾರದು ಎಂದು ನಾವು ಕಲಿಸುತ್ತಿಲ್ಲ. ನೋಡು, ಆಮೇಲೆ ನನ್ನ ಕಡೆ ತಿರುಗು ಎಂದು ಕಲಿಸುತ್ತಿದ್ದೇವೆ. ದಿಟ್ಟಿಸುವುದು ರಕ್ತದಲ್ಲೇ ಇರುವ ನಾಯಿಗೆ ‘ನೋಡಬೇಡ’ ಎನ್ನುವುದು ವ್ಯರ್ಥ.

[ದೃಶ್ಯ: ಸಿರಿಯ ಕಣ್ಣು, ಕಿವಿ ಹತ್ತಿರದಿಂದ. ‘ಸರಿ’ ಎಂಬ ಮಾತಿಗೆ ಎಡಗಿವಿ ಮಾತ್ರ ಹಿಂದಕ್ಕೆ ತಿರುಗುತ್ತದೆ.]

ಆ ಕಿವಿಯನ್ನು ಗಮನಿಸಿ. ಕಣ್ಣು ಇನ್ನೂ ಅಲ್ಲಿದೆ, ಕಿವಿ ಮಾತ್ರ ಇತ್ತ ಬಂದಿದೆ. ಈ ಹಂತದಲ್ಲಿ ಮಾತು ತಲುಪುತ್ತದೆ. ಇನ್ನು ಎರಡು ಸೆಕೆಂಡು ತಡಮಾಡಿದ್ದರೆ ಆ ಕಿವಿಯೂ ಮುಂದಕ್ಕೆ ನಿಮಿರಿ, ಬಾಯಿ ಮುಚ್ಚಿ, ನಾಯಿ ಕಲ್ಲಾಗುತ್ತಿತ್ತು. ಆಮೇಲೆ ಹೆಸರು ಹಿಡಿದು ಹತ್ತು ಸಲ ಕೂಗಿದರೂ ಉಪಯೋಗವಿಲ್ಲ. ಹೆಸರು ಸವೆಯುತ್ತದೆ ಅಷ್ಟೆ. ಹಾಗೆ ಸಿಲುಕಿಕೊಂಡರೆ ಎಳೆಯಬೇಡಿ. ನೀವೇ ಅದರ ಮುಂದೆ ಅಡ್ಡ ನಿಂತು ನೋಟದ ಗೆರೆ ಕಡಿಯಿರಿ, ನಂತರ ಬಾಗಿ ದೂರ ನಡೆಯಿರಿ.

ವಾರಗಳು ಕಳೆದಂತೆ ನಾಯಿ ತಾನಾಗಿಯೇ ನೋಡಿ, ನಿಮ್ಮತ್ತ ತಿರುಗತೊಡಗುತ್ತದೆ. ಅಲ್ಲಿಯವರೆಗೆ ಯಾವ ನಾಯಿಯನ್ನೂ ಮೂಸಿಸಬೇಡಿ.

[ದೃಶ್ಯ: ಎರಡು ನಾಯಿಗಳ ಜೊತೆ ನಡಿಗೆ. ಎಡಗಡೆ ಸಿರಿ, ಬಲಗಡೆ ‘ಭೀಮ’ ಎಂಬ ಜರ್ಮನ್ ಶೆಫರ್ಡ್, ನಡುವೆ ಇಬ್ಬರು ಮನುಷ್ಯರು.]

ಭೇಟಿಗೆ ಶಾಂತ ಸ್ವಭಾವದ, ಲಸಿಕೆ ಹಾಕಿಸಿದ, ಪರಿಚಿತರ ನಾಯಿಯೊಂದು ಬೇಕು. ಇಬ್ಬರೂ ಒಂದೇ ದಿಕ್ಕಿಗೆ ನಡೆಯಿರಿ. ಮನುಷ್ಯರು ಒಳಗೆ, ನಾಯಿಗಳು ಹೊರಗೆ. ಶುರುವಿಗೆ ಹದಿನೈದು ಮೀಟರ್ ಅಂತರ. ನಿಲ್ಲಬೇಡಿ, ನಿಂತರೆ ದಿಟ್ಟಿಸುವುದು ಶುರುವಾಗುತ್ತದೆ. ಎರಡೂ ನಾಯಿಗಳ ಮೂಗು ನೆಲಕ್ಕೆ ಇಳಿದು ಮೈ ಸಡಿಲವಾದಾಗ ಅಂತರ ಕಡಿಮೆ ಮಾಡಿ. ಆಮೇಲೆ ಒಬ್ಬರು ಹಿಂದೆ ಉಳಿದು, ಮುಂದಿನ ನಾಯಿ ಮೂತ್ರ ಮಾಡಿದ ಜಾಗವನ್ನು ಹಿಂದಿನದು ಮೂಸಲಿ. ವಯಸ್ಸು, ಲಿಂಗ, ಹೊಸಬ ಹಳಬ ಎಂಬ ವಿವರವೆಲ್ಲ ಅಲ್ಲಿಯೇ ಸಿಗುತ್ತದೆ. ಅರ್ಧ ಪರಿಚಯ ಮುಖ ನೋಡದೆಯೇ ಮುಗಿಯಿತು.

ಕೊನೆಗೆ ಮೂಸಲು ಬಿಡುವಾಗ ಹಗ್ಗ ಜೋತುಬಿದ್ದಿರಬೇಕು. ಪಕ್ಕದಿಂದ ಬರಲಿ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ‘ಬಾ ಸಿರಿ’ ಎಂದು ಲವಲವಿಕೆಯಿಂದ ಕರೆದು ನಡೆದುಬಿಡಿ, ಹಿಂಬಾಲಿಸಿದ ತಕ್ಷಣ ತುಂಡು ಕೊಡಿ. ‘ಇಷ್ಟು ಚೆನ್ನಾಗಿ ಮೂಸುತ್ತಿದೆ, ಇನ್ನೂ ಸ್ವಲ್ಪ ಇರಲಿ’ ಎಂಬ ಆಸೆಯೇ ಕೆಡಿಸುವುದು. ನಾಲ್ಕನೆಯ, ಐದನೆಯ ಸೆಕೆಂಡಿನಲ್ಲೇ ಒಂದು ನಾಯಿ ಇನ್ನೊಂದರ ಬೆನ್ನ ಮೇಲೆ ಗಲ್ಲ ಇಡುತ್ತದೆ, ಮೈ ಬಿಗಿಯುತ್ತದೆ.

ಬಾಲ ಅಲ್ಲಾಡುತ್ತಿದೆ ಎಂದು ಮೋಸಹೋಗಬೇಡಿ. ಸೊಂಟವೂ ಸೇರಿ ಅಗಲವಾಗಿ ತೂಗುವ ಬಾಲ ಒಳ್ಳೆಯದು. ನೆಟ್ಟಗೆ ಮೇಲೆದ್ದು ತುದಿ ಮಾತ್ರ ನಡುಗುವ ಬಾಲ ಒಳ್ಳೆಯದಲ್ಲ. ಗುರ್ ಎಂದರೆ ಬೈಯಬೇಡಿ, ದೂರ ಕರೆದೊಯ್ಯಿರಿ. ಗುರ್ ಎನ್ನುವುದು ಎಚ್ಚರಿಕೆ. ಹೊಡೆದು ಅದನ್ನು ಬಾಯಿ ಮುಚ್ಚಿಸಿದರೆ ಮುಂದೊಂದು ದಿನ ಸದ್ದಿಲ್ಲದೆ ಕಚ್ಚುತ್ತದೆ. ಕತ್ತು ಬಿಗಿಯುವ ಚೈನು, ಮುಳ್ಳಿನ ಪಟ್ಟಿ ಎರಡನ್ನೂ ನಾನು ಒಪ್ಪುವುದಿಲ್ಲ. ಇನ್ನೊಂದು ನಾಯಿ ಕಂಡಾಗಲೆಲ್ಲ ತನ್ನ ಕತ್ತು ನೋಯುತ್ತದೆ ಎಂದಾದರೆ, ನೋವಿಗೆ ಕಾರಣ ಎದುರಿನ ಆ ನಾಯಿಯೇ ಎಂದು ನಿಮ್ಮ ನಾಯಿ ಲೆಕ್ಕ ಹಾಕುತ್ತದೆ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಕತ್ತಿಗಲ್ಲ, ಮೈಗೆ ತೊಡಿಸುವ ಪಟ್ಟಿ) ಮತ್ತು ಎರಡು ಮೀಟರ್ ಹಗ್ಗ ಸಾಕು. ತಾನೇ ಉದ್ದವಾಗಿ ತಾನೇ ಸುತ್ತಿಕೊಳ್ಳುವ ಹಗ್ಗ ಬೇಡ. ಅದು ಸದಾ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ.

[ದೃಶ್ಯ: ಕೆರೆ ಏರಿ. ಎದುರಿನಿಂದ ಒಬ್ಬರು ಪೊಮೆರೇನಿಯನ್ ಜೊತೆ ಬರುತ್ತಿದ್ದಾರೆ.]

ನಾಯಿಗಿಂತ ಕಷ್ಟ ಇವರದು. ‘ನಮ್ಮದು ಏನೂ ಮಾಡುವುದಿಲ್ಲ ಬಿಡಿ’ ಎನ್ನುತ್ತಲೇ ಹಗ್ಗ ಸಡಿಲ ಬಿಟ್ಟು ಬರುತ್ತಾರೆ. ದೂರದಿಂದಲೇ ನಗುತ್ತ ಹೇಳಿ: ‘ಸರ್, ನಮ್ಮದು ಇನ್ನೂ ಕಲಿಯುತ್ತಿದೆ, ನೀವು ಆ ಪಕ್ಕದಿಂದ ಬನ್ನಿ, ನಾವು ಈ ಪಕ್ಕ ನಿಲ್ಲುತ್ತೇವೆ.’ ಹಿರಿಯರಾದರೆ ‘ಅಜ್ಜಾ, ಸ್ವಲ್ಪ ತಡೆಯಿರಿ’ ಎಂದರೆ ಸಾಕು. ಕಾರಣ ಕೇಳಿದರೆ ಉಪನ್ಯಾಸ ಬೇಡ, ಅಷ್ಟರಲ್ಲಿ ನಾಯಿಗಳು ಮೂತಿಗೆ ಮೂತಿ ಹಚ್ಚಿರುತ್ತವೆ. ನನ್ನ ಅಭಿಪ್ರಾಯ ಕೇಳುವುದಾದರೆ, ವಾಕಿಂಗ್‌ನಲ್ಲಿ ಎದುರಾಗುವ ಹೆಚ್ಚಿನ ನಾಯಿಗಳನ್ನು ಮಾತನಾಡಿಸದೆ ದಾಟುವುದೇ ಸಭ್ಯತೆ. ಬೆಳೆದ ಬಾರ್ಡರ್ ಕೋಲಿ, ಶೆಫರ್ಡ್‌ಗಳಲ್ಲಿ ಅನೇಕಕ್ಕೆ ಅಪರಿಚಿತ ನಾಯಿಗಳ ಜೊತೆ ಆಟ ಬೇಕಾಗಿಯೇ ಇಲ್ಲ. ‘ನಮ್ಮ ನಾಯಿಗೆ ಸ್ನೇಹಿತರಿಲ್ಲ’ ಎಂದು ಕೊರಗುವವರು ಮಾಲೀಕರು ಮಾತ್ರ.

ಮರಿಗಳ ಮಾತು ಬೇರೆ. ಸುಮಾರು ಮೂರು ವಾರದಿಂದ ಮೂರು ತಿಂಗಳವರೆಗಿನ ಅವಧಿ ಅವುಗಳ ಮನಸ್ಸು ತೆರೆದಿರುವ ಕಾಲ. ಮರಿಗಳ ಜೀವಕ್ಕೇ ಕುತ್ತಾಗುವ ಪಾರ್ವೊ ಎಂಬ ವೈರಸ್ ರೋಗದ ಲಸಿಕೆಗಳು ಪೂರ್ತಿಯಾಗುವವರೆಗೆ ಬೀದಿಗೆ ಇಳಿಸದೆ, ಎತ್ತಿಕೊಂಡೇ ತೋರಿಸಿ: ಆಟೊ, ಮೇಕೆ, ಹೆಲ್ಮೆಟ್ ಹಾಕಿದವರು, ದೂರದಲ್ಲಿ ನಾಯಿಗಳು.

[ದೃಶ್ಯ: ಬೀದಿಯ ತಿರುವಿನಲ್ಲಿ ಕೋಳಿ ಅಂಗಡಿ, ಮುಂದೆ ನಾಲ್ಕು ನಾಯಿಗಳು.]

ಬೀದಿ ನಾಯಿಗಳ ಗುಂಪಿಗೆ ಮಾತ್ರ ಪಾಠದ ಪ್ರಯೋಗ ಬೇಡ. ಕೋಳಿ ಅಂಗಡಿ, ಕಸದ ತೊಟ್ಟಿ, ಮರಿ ಹಾಕಿದ ತಾಯಿ ಇರುವ ಚರಂಡಿಯ ಮೋರಿ, ಇವೆಲ್ಲ ಎಲ್ಲಿವೆ ಎಂದು ನಾಯಿಯಿಲ್ಲದೆ ಒಮ್ಮೆ ನಡೆದು ನೋಡಿಕೊಂಡು ದಾರಿ ಬದಲಿಸಿ. ಕಿವಿಯ ತುದಿ ಕತ್ತರಿಸಿದ ನಾಯಿ ಕಂಡರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದು ತಿಳಿಯಿರಿ. ಹಾಗೆಂದು ಅದು ತನ್ನ ಜಾಗ ಬಿಟ್ಟುಕೊಡುತ್ತದೆ ಎಂದೇನಿಲ್ಲ. ಗುಂಪು ಹಿಂಬಾಲಿಸಿದರೆ ಓಡಬೇಡಿ, ಕಲ್ಲು ಎತ್ತಬೇಡಿ. ಒಂದು ಹಿಡಿ ತುಂಡುಗಳನ್ನು ಅವುಗಳತ್ತ ಚೆಲ್ಲಿ, ಅವು ಮೂಸುತ್ತಿರುವಾಗ ಬಾಗಿ ನಡೆದುಬಿಡಿ. ಜಗಳವೇ ಹತ್ತಿಕೊಂಡರೆ ನಡುವೆ ಕೈ ಹಾಕಬೇಡಿ; ನೀರು ಎರಚಿ, ಕೊಡೆ ಬಿಚ್ಚಿ. ನಿಮಗೇ ಹಲ್ಲು ತಾಗಿದರೆ, ಗೀರು ಆದರೂ ಸರಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

[ದೃಶ್ಯ: ಮನೆಯ ಕಬ್ಬಿಣದ ಗೇಟು. ಒಳಗೆ ಭೀಮ ಅತ್ತಿಂದಿತ್ತ ಓಡುತ್ತ ಬೊಗಳುತ್ತಿದೆ.]

ಇನ್ನೊಂದು ವಿಷಯ. ಬೆಳಿಗ್ಗೆ ಮೈದಾನದಲ್ಲಿ ಅರ್ಧ ಗಂಟೆ ಕಲಿಸಿ, ಉಳಿದ ದಿನವೆಲ್ಲ ನಾಯಿಯನ್ನು ಗೇಟಿನ ಹಿಂದೆ ಬಿಟ್ಟಿರುತ್ತೀರಿ. ಸರಳಿನ ಸಂದಿಯಿಂದ ಕಾಣುವ, ಬೀದಿಯಲ್ಲಿ ಹೋಗುವ ನಾಯಿ, ಸೈಕಲ್ಲು, ಹಾಲಿನವನು, ಎಲ್ಲರ ಮೇಲೂ ಗಡಿ ಕಾಯುವ ಓಟ. ಪ್ರತಿ ಸಲವೂ ಎದುರಿನವರು ಹೊರಟುಹೋಗುತ್ತಾರೆ, ಪ್ರತಿ ಸಲವೂ ಭೀಮನಿಗೆ ಗೆಲುವು. ಮೈದಾನದ ಪಾಠ ಇಲ್ಲಿ ಕರಗುತ್ತದೆ. ಗೇಟಿನ ಕೆಳಗಿನ ಅರ್ಧಕ್ಕೆ ತಗಡು ಹೊಡೆಸಿ, ಬೀದಿ ಕಾಣದಂತೆ ಮಾಡಿ. ಬಾಡಿಗೆ ಮನೆಯಾಗಿದ್ದು ಮಾಲೀಕರು ತಗಡಿಗೆ ಒಪ್ಪದಿದ್ದರೆ, ತೋಟಕ್ಕೆ ನೆರಳಿಗಾಗಿ ಕಟ್ಟುವ ಹಸಿರು ಬಲೆಯನ್ನು ಎರಡು ಪದರ ಮಡಚಿ ತಂತಿಯಿಂದ ಬಿಗಿದರೆ ಸಾಕು.