ಕಬಿನಿಯಲ್ಲಿ ನೀರು ಇಳಿಯುವ ಕಾಲ

ಕೇಳುಗರಿಗೆ ನಮಸ್ಕಾರ.

ಮುಂಗಾರು ಶುರುವಾಯಿತು ಅಂದರೆ ಜಲಾಶಯಗಳ ಮಟ್ಟ ಎಷ್ಟಕ್ಕೆ ಬಂತು ಅಂತ ದಿನಾ ನೋಡುವವರು ನಮ್ಮಲ್ಲಿ ಬಹಳ ಜನ. ಕಾವೇರಿ ಕೊಳ್ಳದಲ್ಲಿ ಸಾಮಾನ್ಯವಾಗಿ ಮೊದಲು ತುಂಬುವುದು ಕಬಿನಿ. ನದಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಜೋರಾದರೆ ಸಾಕು, ಹೆಗ್ಗಡದೇವನಕೋಟೆಯಲ್ಲಿ ಬರೀ ಮೋಡವಿದ್ದರೂ ಒಳಹರಿವು ಏರುತ್ತದೆ. ಜಲಾಶಯವೂ ಅಷ್ಟೇನೂ ದೊಡ್ಡದಲ್ಲ. ಕೆಆರ್‌ಎಸ್‌ನಲ್ಲಿ 49.45 ಟಿಎಂಸಿ ನೀರು ಹಿಡಿದರೆ, ಇಲ್ಲಿ 19.52. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಮಟ್ಟ 2,284 ಅಡಿ ಮುಟ್ಟಿದರೆ ಭರ್ತಿ. ಹಾಗಾಗಿ ಗೇಟು ತೆಗೆಯುವುದೂ ಬೇಗ. ಆಗ ನಂಜನಗೂಡಿನಲ್ಲಿ ಕಪಿಲೆ, ಅಂದರೆ ಇದೇ ಕಬಿನಿ, ಉಕ್ಕುತ್ತಾಳೆ. ದಡದ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಅಂತ ನೋಡಿಯೇ ಜನ ಪ್ರವಾಹದ ಜೋರು ಹೇಳುತ್ತಾರೆ.

ಬಾಗಿನ ಕೊಡುವುದು, ಫೋಟೊ, ಸುದ್ದಿ ಎಲ್ಲ ಈ ತುಂಬಿದ ಕಬಿನಿಗೆ. ಮಾರ್ಚ್, ಏಪ್ರಿಲ್‌ನಲ್ಲಿ ಇಳಿದ ಕಬಿನಿಯ ಸುದ್ದಿ ಬಂದರೆ ಅದು ಬರೀ ಆತಂಕದ ಸುದ್ದಿ. ನನಗೆ ಮಾತ್ರ ಈ ಜಲಾಶಯ ಏನು ಅಂತ ನಿಜವಾಗಿ ಗೊತ್ತಾಗುವುದು ಆ ಬೇಸಿಗೆಯಲ್ಲೇ ಅನ್ನಿಸುತ್ತದೆ.

ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಹಿನ್ನೀರಿನ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ಮಳೆ ನಿಂತ ಮೇಲೆ ನಾಲೆಗೆ, ಕುಡಿಯುವುದಕ್ಕೆ, ನದಿಗೆ ಅಂತ ನೀರು ಬಿಡುತ್ತಾ ಹೋಗುತ್ತಾರೆ. ಮಟ್ಟ ಇಳಿಯುತ್ತದೆ. ಇಳಿದಷ್ಟೂ ಮೆಕ್ಕಲು ಮಣ್ಣಿನ ಬಯಲು ಮೇಲೆ ಬರುತ್ತದೆ. ತೇವ ಇನ್ನೂ ಆರಿರುವುದಿಲ್ಲ, ಅದರಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿ, ಕೆರೆಕಟ್ಟೆ ಬತ್ತಿರುವ ಹೊತ್ತು ಅದು. ಎರಡೂ ಕಾಡಿನ ಆನೆಗಳು ಈ ಹಸಿರಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೇ ಕಡೆ ಸೇರುವ ಜಾಗಗಳು ಪ್ರಪಂಚದಲ್ಲೇ ಕಡಿಮೆ.

ಆನೆ ಈ ಹುಲ್ಲು ತಿನ್ನುವುದನ್ನು ನೀವು ಒಮ್ಮೆ ನೋಡಬೇಕು. ಸೊಂಡಿಲಿನಿಂದ ಒಂದು ಹಿಡಿ ಸುತ್ತಿ, ಬುಡಕ್ಕೆ ಮುಂಗಾಲಿನಿಂದ ಒದ್ದು ಕೀಳುತ್ತದೆ. ಹಾಗೇ ಬಾಯಿಗೆ ಹಾಕುವುದಿಲ್ಲ. ಕಾಲಿಗೆ ಪಟಪಟ ಬಡಿದು ಮಣ್ಣು ಉದುರಿಸುತ್ತದೆ, ಆಮೇಲೆ ತಿನ್ನುತ್ತದೆ. ಮರಿಗೆ ಇದು ಇನ್ನೂ ಬರುವುದಿಲ್ಲ. ಕಿತ್ತದ್ದು ಕೈ ತಪ್ಪಿ ಬೀಳುತ್ತದೆ, ಮತ್ತೆ ಎತ್ತಿಕೊಳ್ಳುತ್ತದೆ. ತಾಯಂದಿರು, ಚಿಕ್ಕಮ್ಮಂದಿರು ಸುತ್ತ ನಿಂತಿರುತ್ತಾರೆ. ಬೇರೆ ಬೇರೆ ಗುಂಪಿನವು ಪರಸ್ಪರ ಸೊಂಡಿಲು ಚಾಚಿ ಮೂಸುತ್ತವೆ.

ಇದೇ ಹಿನ್ನೀರಿನ ಪಕ್ಕದ ಕಾಕನಕೋಟೆ ಕಾಡಿನಲ್ಲಿ ಹಿಂದೆ ಖೆಡ್ಡಾ ಮಾಡಿ, ಅಂದರೆ ಹಿಂಡನ್ನೇ ಬೇಲಿಯೊಳಗೆ ಅಟ್ಟಿ, ಆನೆ ಹಿಡಿಯುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಜಾಗ ಈಗ ಹಿನ್ನೀರಿನ ತಳದಲ್ಲಿದೆ. ಅದರ ಜೊತೆ ಊರು, ಹೊಲ, ಕಾಡೂ ಮುಳುಗಿದವು. ಕಾಡು ಬಿಟ್ಟು ಬರಬೇಕಾದ ಜೇನುಕುರುಬರ, ಬೆಟ್ಟಕುರುಬರ ಮನೆಗಳನ್ನು ಬಿಟ್ಟು ಕಬಿನಿಯ ಚೆಂದ ಹೇಳಿದರೆ ಅದು ಅರ್ಧ ಮಾತು. ಮುಳುಗಿ ಸತ್ತ ಮರಗಳು ನೀರಿನ ನಡುವೆ ಇಂದಿಗೂ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಮೀನು ಹಿಡಿಯುವ ಡೇಗೆ ಬಂದು ಕೂರುತ್ತದೆ. ದಡದಲ್ಲಿ ಮೊಸಳೆ, ನೀರುನಾಯಿ.

ಹಾಗಂತ ನೀರು ಎಷ್ಟು ಇಳಿದರೂ ಒಳ್ಳೆಯದೇ ಅಂತಲ್ಲ. ಕಬಿನಿ ನೀರು ಮೈಸೂರಿಗೆ ಬೇಕು. ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರಿದ ಮೇಲೆ ಅದೇ ನೀರು ಶಿವ ಅಣೆಕಟ್ಟೆಗೆ, ಅಲ್ಲಿಂದ ತೊರೆಕಾಡನಹಳ್ಳಿಗೆ, ಆಮೇಲೆ ಪಂಪ್ ಆಗಿ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ. ತಮಿಳುನಾಡಿಗೆ ಹೋಗುವುದರಲ್ಲೂ ಇದರ ಪಾಲಿದೆ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸುವವರಿಗೆ ಇದರ ಹಿಂದೆ ಒಂದು ಕಾಡಿದೆ ಅನ್ನುವುದು ನೆನಪಿಗೆ ಬರುವುದೇ ಇಲ್ಲ, ಅಲ್ವಾ? ವಯನಾಡಿನ, ನಾಗರಹೊಳೆಯ ಮರಗಳು ಮಣ್ಣು ಹಿಡಿದುಕೊಂಡಿದ್ದರೆ ಮಾತ್ರ ಜಲಾಶಯದಲ್ಲಿ ಹೂಳು ಕಡಿಮೆ. ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆ. ಕಾಡು ಉಳಿಸುವುದು ಆನೆಗೆ ಮಾಡುವ ಉಪಕಾರ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನು ಅಂಚಿನ ಹಳ್ಳಿಗಳು. ಹುಲ್ಲಿಗೆ ಬಂದ ಆನೆ ರಾತ್ರಿ ರಾಗಿ, ಬಾಳೆ ಹೊಲಕ್ಕೂ ಬರುತ್ತದೆ. ಕಂದಕ ತೋಡಿದರು, ಸೋಲಾರ್ ಬೇಲಿ ಹಾಕಿದರು, ಈಗ ರೈಲು ಕಂಬಿಯ ಬೇಲಿಯೂ ಇದೆ. ಆದರೂ ಬೆಳೆ ಹೋಗುತ್ತದೆ, ಕೆಲವೊಮ್ಮೆ ಜೀವವೂ. ಪರಿಹಾರದ ಹಣ ಬೇಗ ಕೈ ಸೇರಿದರೆ ಮಾತ್ರ ಆ ರೈತ ಕಾಡಿನ ಪರ ನಿಲ್ಲುತ್ತಾನೆ. ಇಲ್ಲದಿದ್ದರೆ ಅವನಿಂದ ಹಾಗೆ ಕೇಳುವ ಹಕ್ಕು ನಮಗಿಲ್ಲ.

ಸಫಾರಿಗೆ ಹೋಗುವವರಿಗೆ ಒಂದೆರಡು ಮಾತು. ದೋಣಿಯಲ್ಲಿರುವಾಗ ಇನ್ನೂ ಹತ್ತಿರ ಹೋಗಿ ಅಂತ ಚಾಲಕನನ್ನು ಒತ್ತಾಯಿಸಬೇಡಿ. ಮರಿ ಇರುವ ಗುಂಪು ಎಂಜಿನ್ ಸದ್ದಿಗೆ ಮೇವು ಬಿಟ್ಟು ಕಾಡಿಗೆ ಸರಿಯುತ್ತದೆ, ಆ ಹೊತ್ತಿನ ಊಟ ತಪ್ಪುತ್ತದೆ. ಕಾಡಿನ ನಡುವೆ ಕೇರಳಕ್ಕೆ ಹೋಗುವ ಮಾನಂದವಾಡಿ ರಸ್ತೆಯನ್ನು ಸಂಜೆ 6ರಿಂದ ಬೆಳಗ್ಗೆ 6ರ ತನಕ ಮುಚ್ಚುತ್ತಾರೆ. ಗೇಟಿನಲ್ಲಿ ಜಗಳ ಮಾಡುವ ಬದಲು ಹೊತ್ತಿರುವಾಗಲೇ ಹೊರಡಿ.